16ನೇ ಚಾನೆಲ್ ಕಿವಿಯಲ್ಲಿರಲಿ

ಮಗಾ, ಥರ್ಡ್ ಮೇಟ್ ಆಗಿ ಹಡಗು ಹತ್ತುತ್ತಿದ್ದೀಯ. ವಿಎಚ್ಎಫ್ ರೇಡಿಯೊದಲ್ಲಿ ತುರ್ತು ಕರೆಗಳ 16ನೇ ಚಾನೆಲ್ಲಿನ ಗದ್ದಲ ಕಿರಿಕಿರಿಯೆಂದು ವಾಲ್ಯೂಮ್ ಇಳಿಸಿಬಿಡುವವರನ್ನು ಬ್ರಿಜ್ಜಿನಲ್ಲಿ ನೋಡುತ್ತೀಯ. ನಿನ್ನ ವಾಚ್‌ನಲ್ಲಿ ಇಳಿಸಬೇಡ. ಸುನಾಮಿಯ ಎಚ್ಚರಿಕೆಯನ್ನು ಸುತ್ತಲಿನ ದೋಣಿಗಳಿಗೆ ಮುಟ್ಟಿಸಬೇಕಾದ ದಿನ ಅದೇ ನಿನ್ನ ದಾರಿ.

ಸುನಾಮಿ ನಡುಗಡಲಲ್ಲಿ ಗೊತ್ತೇ ಆಗುವುದಿಲ್ಲ. 2004ರ ಡಿಸೆಂಬರ್ 26ರಂದು ಸುಮಾತ್ರಾ ಭೂಕಂಪವಾಗಿ ಎರಡು ಗಂಟೆಯ ಮೇಲೆ ಜೇಸನ್-1 ಉಪಗ್ರಹ ಹಿಂದೂ ಮಹಾಸಾಗರದಲ್ಲಿ ಅಳೆದ ಅಲೆಯ ಎತ್ತರ ಸುಮಾರು 60 ಸೆಂಟಿಮೀಟರ್, ಅಷ್ಟೇ. ನೂರಾರು ಕಿಲೋಮೀಟರ್ ಉದ್ದಕ್ಕೆ ಹರಡಿದ ಆ ಉಬ್ಬು ಹಡಗಿನಡಿ ಹಾದುಹೋದರೆ ಮೇಜಿನ ಮೇಲಿನ ಚಹಾ ಕೂಡ ತುಳುಕದು. ಅದೇ ನೀರು ತಮಿಳುನಾಡಿನ ನಾಗಪಟ್ಟಣದ ದಡದಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಎಚ್ಚರಿಸಲು ಎರಡು ಗಂಟೆಗೂ ಹೆಚ್ಚು ಸಮಯವಿತ್ತು, ಹೇಳುವ ವ್ಯವಸ್ಥೆ ಇರಲಿಲ್ಲ. ಇದು ನನ್ನನ್ನು ಇಂದಿಗೂ ಕಾಡುತ್ತದೆ.

ಈಗ ಆ ವ್ಯವಸ್ಥೆ ಇದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಸುನಾಮಿ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ. ಕಡಲಿನ ಎಚ್ಚರಿಕೆಗಳು ನ್ಯಾವ್‌ಟೆಕ್ಸ್‌ನಲ್ಲೋ ಸ್ಯಾಟೆಲೈಟ್ ಮೂಲಕವೋ ನಿನ್ನ ಬ್ರಿಜ್ಜಿಗೆ ಬರುತ್ತವೆ. ಆದರೆ ನಿನ್ನ ಸುತ್ತ ಬಲೆ ಬಿಟ್ಟು ಕೂತಿರುವ ದೋಣಿಗಳಲ್ಲಿ ಹಲವಕ್ಕೆ ಇರುವುದು ಒಂದು ವಯರ್‌ಲೆಸ್ ಸೆಟ್ ಮಾತ್ರ. ವಿಎಚ್ಎಫ್ ಅಲೆ ಭೂಮಿಯ ಬಾಗಿಗೆ ಬಗ್ಗಿ ಹೋಗುವುದಿಲ್ಲ, ದಡದ ಮಾತು ದೂರದ ದೋಣಿಗೆ ಮುಟ್ಟುವುದಿಲ್ಲ. ಅವರ ಕಣ್ಣಳತೆಯಲ್ಲಿರುವುದು ನಿನ್ನ ಹಡಗಿನ ಎತ್ತರದ ಆಂಟೆನಾ.

ಆದ್ದರಿಂದ ಸಂದೇಶ ಬಂತೋ, ಮೊದಲು ಕ್ಯಾಪ್ಟನ್ನರನ್ನು ಎಬ್ಬಿಸು. ನೌಕಾಯಾನಕ್ಕೆ ನೇರ ಅಪಾಯ ಕಂಡರೆ ಸುತ್ತಲಿನವರಿಗೆ ತಿಳಿಸುವುದು ಕಡಲ ಸುರಕ್ಷತೆಯ ಸೋಲಾಸ್ ನಿಯಮದಲ್ಲಿ ಅವರ ಕರ್ತವ್ಯ. ಅವರು ಹೂಂ ಎಂದೊಡನೆ 16ರಲ್ಲಿ 'ಸೆಕ್ಯುರಿಟೆ' ಎಂದು ಮೂರು ಸಲ ಕರೆದು ನಿಧಾನವಾಗಿ ಓದು. ಇಂಗ್ಲಿಷಿನಲ್ಲಿ ಓದಿ ಕೈತೊಳೆದುಕೊಳ್ಳಬೇಡ. ಮಲ್ಪೆಯ ದೋಣಿ ನಡೆಸುವ ತಾಂಡೇಲ ಗೋವಾದಾಚೆಯೂ ಮೀನಿಗೆ ಹೋಗುತ್ತಾನೆ. ಅವನಿಗೆ ತುಳುವಿನಲ್ಲಿ, ಕನ್ನಡದಲ್ಲಿ ಹೇಳು. ನಿನಗೆ ಬರುವ ಭಾಷೆಗಳೆಲ್ಲ ಅವತ್ತು ಕೆಲಸಕ್ಕೆ ಬರುತ್ತವೆ.

ಹೆದರಿದ ದೋಣಿ ಬಂದರಿನತ್ತ ಓಡುತ್ತದೆ, ಅಲ್ಲೇ ಸಾವಿರುವುದು. ಆಳಕ್ಕೆ ಹೋಗಿ, ಸಾಧ್ಯವಾದರೆ ನೂರು ಮಾರು ದಾಟಿ ಎನ್ನು. ನೀನೇ ದಡದ ಹತ್ತಿರ ಲಂಗರು ಹಾಕಿದ್ದರೆ ಎಕೋಸೌಂಡರ್ ಮೇಲೆ ಕಣ್ಣಿಡು. 2004ರಲ್ಲಿ ಫುಕೆಟ್ ಬಳಿ ನಿಂತಿದ್ದ ಮರ್ಕೇಟರ್ ಎಂಬ ವಿಹಾರನೌಕೆಯ ಯಂತ್ರ ನೀರು ಇಳಿದು ಏರಿದ್ದನ್ನು ದಾಖಲಿಸಿತ್ತು. ಅಂಥದ್ದು ಕಂಡರೆ ಸಮಯ, ಸ್ಥಾನ ಸಮೇತ ಪೋರ್ಟ್ ಕಂಟ್ರೋಲಿಗೆ ತಕ್ಷಣ ತಿಳಿಸು.

ಮೊದಲ ಅಲೆಯ ನಂತರವೂ ಗಂಟೆಗಟ್ಟಲೆ ಅಲೆಗಳು ಬರುತ್ತಲೇ ಇರುತ್ತವೆ. ಅಪಾಯ ಕಳೆಯಿತೆಂಬ ಅಧಿಕೃತ ಸಂದೇಶ ಬರುವವರೆಗೂ ಮತ್ತೆ ಮತ್ತೆ ಹೇಳುತ್ತಿರು. ಬಂದ ಮೇಲೆ ಅದನ್ನೂ ಎಲ್ಲರಿಗೂ ಓದು.