ಶಕ್ತಿತಸ್ತಪವೂ ಮಧುಮೇಹಿ ಮಕ್ಕಳ ಮೂತ್ರಪಿಂಡಗಳೂ

ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ವೂ ಒಂದು. ಶಕ್ತಿಯನ್ನು ಮರೆಮಾಚದೆಯೂ ಮೀರದೆಯೂ ತಪವನ್ನಾಚರಿಸಬೇಕೆಂಬುದು ಅದರ ತಾತ್ಪರ್ಯ. ಎರಡನೆಯ ಹರಿಹರನ ದಂಡನಾಯಕನಾದ ಇರುಗಪ್ಪನು ಶಕ 1307ರಲ್ಲಿ (ಕ್ರಿ.ಶ. 1385-86) ಹಂಪೆಯಲ್ಲಿ ಕುಂಥು ಜಿನನಾಥನಿಗೆ ಚೈತ್ಯಾಲಯವನ್ನು ಕಟ್ಟಿಸಿದನು. ಅದೇ ಇಂದಿನ ಗಾಣಿಗಿತ್ತಿ ಬಸದಿ. ಇಂತಹ ಪರಂಪರೆಯುಳ್ಳ ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯಲ್ಲಿ ದಶಲಕ್ಷಣ ಪರ್ವ ಬಂದಾಗ ಮಕ್ಕಳೂ ಉಪವಾಸಕ್ಕೆ ಹಾತೊರೆಯುವುದು ಸಹಜ. ಆದರೆ ಪ್ರತಿದಿನ ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಗುವಿನ ‘ಶಕ್ತಿ’ ಎಷ್ಟೆಂಬುದನ್ನು ಮನೆಯ ಹಿರಿಯರು ಮೊದಲು ಅರಿಯತಕ್ಕದ್ದು.

ಒಂದನೆಯ ವಿಧದ ಮಧುಮೇಹವು ಸಿಹಿ ತಿಂದುದರಿಂದ ಬರುವುದಲ್ಲ. ದೇಹದ ರಕ್ಷಣಾಶಕ್ತಿಯೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕಣಗಳನ್ನು ನಾಶಪಡಿಸುವುದರಿಂದ ಬರುವ ರೋಗವಿದು. 1922ರಲ್ಲಿ ಟೊರೊಂಟೊ ನಗರದಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಮೊದಲು ಇನ್ಸುಲಿನ್ ಕೊಡಲಾಯಿತು. ಆಗ ಅದನ್ನು ಪ್ರಾಣಿಗಳ ಗ್ರಂಥಿಯಿಂದ ತೆಗೆಯುತ್ತಿದ್ದರು. 1982ರಿಂದೀಚೆಗೆ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳ ಮೂಲಕ ತಯಾರಾಗುವ ಮಾನವ ಇನ್ಸುಲಿನ್ ಬಳಕೆಗೆ ಬಂದಿದೆ.

ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕಗಳಿವೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಇವು ಮೊದಲು ಅತಿಯಾಗಿ ದುಡಿಯುತ್ತವೆ. ಕ್ರಮೇಣ ಇವುಗಳ ಪೊರೆ ಸಡಿಲಗೊಂಡು ಆಲ್ಬುಮಿನ್ ಎಂಬ ಸಾರಾಂಶ ಮೂತ್ರದಲ್ಲಿ ಸೋರತೊಡಗುತ್ತದೆ. ಪ್ರಾಯ ಬರುವ ಕಾಲದಲ್ಲಿ ದೇಹವು ಇನ್ಸುಲಿನ್ನಿಗೆ ಅಷ್ಟಾಗಿ ಮಣಿಯದ ಕಾರಣ ಅಪಾಯ ಹೆಚ್ಚು. ಈ ಹಂತದಲ್ಲಿ ನೋವಿಲ್ಲ, ಬಾವಿಲ್ಲ. ಮಗು ಆಡಿಕೊಂಡೇ ಇರುತ್ತದೆ. ಆದುದರಿಂದ ಪರೀಕ್ಷೆಯೊಂದೇ ದಾರಿ.

ಹನ್ನೊಂದನೆಯ ವಯಸ್ಸು ಅಥವಾ ಪ್ರಾಯದ ಆರಂಭದಿಂದ, ರೋಗಕ್ಕೆ ಎರಡರಿಂದ ಐದು ವರ್ಷಗಳು ತುಂಬಿದ ಬಳಿಕ, ವರ್ಷಕ್ಕೊಮ್ಮೆ ಬೆಳಗಿನ ಮೊದಲ ಮೂತ್ರವನ್ನು ಪರೀಕ್ಷಿಸಬೇಕು. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30ರಿಂದ 300 ಮಿಲಿಗ್ರಾಂ ಆಲ್ಬುಮಿನ್ ಕಂಡರೆ ಅದು ಆರಂಭದ ಹಾನಿಯ ಸೂಚನೆ. ಜ್ವರ, ಅತಿ ಶ್ರಮ, ಮುಟ್ಟು ಇವುಗಳಿಂದಲೂ ಅದು ಏರಬಹುದು. ಆದುದರಿಂದ ಮೂರು ಮಾದರಿಗಳಲ್ಲಿ ಎರಡು ಹೆಚ್ಚಿದ್ದರೆ ಮಾತ್ರ ನಿಶ್ಚಯ. ಆಗಲೂ ಎದೆಗುಂದಬೇಕಿಲ್ಲ, ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಹತೋಟಿಗೆ ತಂದರೆ ಸೋರಿಕೆ ಎಷ್ಟೋ ಸಲ ತಗ್ಗುತ್ತದೆ. 1993ರಲ್ಲಿ ಪ್ರಕಟವಾದ ಅಮೆರಿಕ-ಕೆನಡಗಳ ಅಧ್ಯಯನದಲ್ಲಿ 13ರಿಂದ 39 ವರ್ಷದ 1441 ರೋಗಿಗಳಿದ್ದರು. ಬಿಗಿಯಾದ ಹತೋಟಿಯಿಂದ ಈ ಆರಂಭದ ಸೋರಿಕೆ ನೂರಕ್ಕೆ 39ರಷ್ಟು ಕಡಮೆಯಾಯಿತು.

ಈಗ ವ್ರತದ ಮಾತು. ಆಹಾರ ಬಿಟ್ಟ ದಿನ ಇನ್ಸುಲಿನ್ನನ್ನೂ ಬಿಡುವುದು ಘೋರ ಪ್ರಮಾದ. ಉಪವಾಸದಲ್ಲಿಯೂ ದೇಹಕ್ಕೆ ತಳಮಟ್ಟದ ಇನ್ಸುಲಿನ್ ಬೇಕೇಬೇಕು. ಇಲ್ಲದಿದ್ದರೆ ರಕ್ತವು ಆಮ್ಲಮಯವಾಗಿ ಪ್ರಾಣಾಪಾಯ ಒದಗುತ್ತದೆ. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ನೀರನ್ನೂ ತ್ಯಜಿಸಿದರೆ ಮೂತ್ರಪಿಂಡಕ್ಕೆ ಇಮ್ಮಡಿ ಪೆಟ್ಟು. ಹೀಗಾಗಿ ನಿರ್ಜಲ ಉಪವಾಸ ಇಂತಹ ಮಕ್ಕಳಿಗೆ ಸಲ್ಲದು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಗಳಲ್ಲಿ ರಾತ್ರಿ ಸಕ್ಕರೆ ಕುಸಿಯಬಹುದು. ಊಟದ ವೇಳೆಯನ್ನು ವೈದ್ಯರಿಗೆ ಮೊದಲೇ ತಿಳಿಸಿ ಔಷಧದ ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು. ಮಗು ಬೆವತು ನಡುಗಿದರೆ, ಅದು ಯಾವ ಹೊತ್ತೇ ಆಗಿರಲಿ, ಒಡನೆ ಸಕ್ಕರೆ ನೀರು ಕೊಡಬೇಕು. ಈ ವಿನಾಯಿತಿಯನ್ನು ವ್ರತ ಹಿಡಿಯುವ ಮುನ್ನವೇ ಗುರುಗಳಲ್ಲಿ ನಿವೇದಿಸಿಕೊಳ್ಳುವುದು ಲೇಸು.

ತಪಕ್ಕೆ ದಾರಿ ಒಂದೇ ಅಲ್ಲ. ರಸಪರಿತ್ಯಾಗದಲ್ಲಿ ಉಪ್ಪನ್ನು ಮಿತಗೊಳಿಸಿದರೆ ರಕ್ತದೊತ್ತಡಕ್ಕೂ ಹಿತ. ಸ್ವಾಧ್ಯಾಯ, ವಿನಯ, ಧ್ಯಾನ ಇವು ಅಂತರಂಗ ತಪಗಳು. ಇವನ್ನು ಮಗು ನಿರ್ಭಯವಾಗಿ ಆಚರಿಸಬಹುದು. ಉಪವಾಸ ಮಾಡಲಾಗದ ಮಗುವನ್ನು ಇತರರ ಮುಂದೆ ಕೀಳಾಗಿ ಕಾಣಬಾರದು. ಹಾಗೆ ಕಂಡರೆ ಅದು ನಾಚಿಕೊಂಡು ಚುಚ್ಚುಮದ್ದನ್ನೇ ಮರೆಸೀತು. ಪರ್ವಕ್ಕೆ ಮುನ್ನ ತಂದೆತಾಯಿಗಳು ಮಗುವನ್ನು ಹೊಸಪೇಟೆಗೋ ಬಳ್ಳಾರಿಗೋ ಕರೆದೊಯ್ದು ಮೂತ್ರಪರೀಕ್ಷೆ ಮಾಡಿಸಲಿ. ರೋಗಿಯ ಶುಶ್ರೂಷೆಯಾದ ವೈಯಾವೃತ್ಯವೂ ತಪವೇ ಅಲ್ಲವೇ?