ಬ್ಲ್ಯಾಂಕೆಟ್ ಎಲ್: ಕಂಪನಿಯ ಅವಸರ, ನೌಕರನಿಗೆ ಪೆಟ್ಟು

ಅಮೆರಿಕದಲ್ಲಿರುವ ತಮ್ಮದೇ ಕಚೇರಿಗೆ ನೌಕರರನ್ನು ಕಳಿಸುವ ಕಂಪನಿಗಳಿಗೆಂದೇ ಇರುವುದು ಎಲ್-1 ವೀಸಾ. ಒಬ್ಬೊಬ್ಬರಿಗೂ ಅಲ್ಲಿನ ವಲಸೆ ಇಲಾಖೆಗೆ ಅರ್ಜಿ ಹಾಕಿ ಕಾಯುವ ಬದಲು, ದೊಡ್ಡ ಕಂಪನಿಗಳು ಒಂದೇ ಸಲ ‘ಬ್ಲ್ಯಾಂಕೆಟ್’ ಅನುಮತಿ ಪಡೆದಿಟ್ಟುಕೊಳ್ಳುತ್ತವೆ. ಆಮೇಲೆ ನೌಕರ ನೇರವಾಗಿ ಕಾನ್ಸುಲೇಟ್ ಸಂದರ್ಶನಕ್ಕೆ ಹೋಗಬಹುದು. ಬೆಂಗಳೂರಿನ ಎಷ್ಟೋ ಎಚ್‌ಆರ್ ವಿಭಾಗಗಳು ಇದನ್ನು ಬರೀ ಔಪಚಾರಿಕತೆ ಎಂದುಕೊಂಡಿವೆ. ತೊಂದರೆ ಶುರುವಾಗುವುದು ಅಲ್ಲಿಯೇ.

1. ಕಂಪನಿಗೆ ಅರ್ಹತೆ ಇದೆಯೇ?
ಅಮೆರಿಕದ ಕಚೇರಿ ಕನಿಷ್ಠ ಒಂದು ವರ್ಷದಿಂದ ವ್ಯವಹಾರ ನಡೆಸುತ್ತಿರಬೇಕು. ಒಳಗೂ ಹೊರಗೂ ಸೇರಿ ಮೂರು ಅಥವಾ ಹೆಚ್ಚು ಶಾಖೆ, ಅಂಗಸಂಸ್ಥೆಗಳಿರಬೇಕು. ಜೊತೆಗೆ ಈ ಮೂರರಲ್ಲಿ ಒಂದಾದರೂ ಬೇಕು: ಹಿಂದಿನ 12 ತಿಂಗಳಲ್ಲಿ 10 ಎಲ್ ಅರ್ಜಿ ಮಂಜೂರಾಗಿರುವುದು, ಅಮೆರಿಕದ ಅಂಗಸಂಸ್ಥೆಗಳ ವಾರ್ಷಿಕ ಮಾರಾಟ 2.5 ಕೋಟಿ ಡಾಲರ್ ಇರುವುದು, ಇಲ್ಲವೇ ಅಲ್ಲಿ 1,000 ನೌಕರರಿರುವುದು. ಹೊಸದಾಗಿ ಕಚೇರಿ ತೆರೆದವರಿಗೆ ಈ ದಾರಿ ಇಲ್ಲ.

2. ಪಟ್ಟಿ ನೋಡಿ
ಐ-797 ಮಂಜೂರಾತಿ ಪತ್ರದ ಪಟ್ಟಿಯಲ್ಲಿ ಕಳಿಸುವ ಸಂಸ್ಥೆ, ಕರೆಸಿಕೊಳ್ಳುವ ಸಂಸ್ಥೆ ಎರಡೂ ಇರಬೇಕು. ವಿಲೀನವಾಗಿ ಹೆಸರು ಬದಲಾಗಿದ್ದರೆ ಮೊದಲು ತಿದ್ದುಪಡಿ ಮಾಡಿಸಿ.

3. ಒಂದು ವರ್ಷದ ಲೆಕ್ಕ
ಹಿಂದಿನ ಮೂರು ವರ್ಷಗಳಲ್ಲಿ ಸತತ ಒಂದು ವರ್ಷ ಅಮೆರಿಕದ ಹೊರಗೆ, ಇದೇ ಸಮೂಹದಲ್ಲಿ ದುಡಿದಿರಬೇಕು. ನಡುವೆ ಅಮೆರಿಕಕ್ಕೆ ಹೋಗಿಬಂದರೆ ಸೇವೆ ಮುರಿದಂತಲ್ಲ, ಆದರೆ ಆ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಸೇರಿ ಸರಿಯಾಗಿ ವರ್ಷವಾಯಿತೆಂದು ಕಳಿಸಬೇಡಿ, ಪಾಸ್‌ಪೋರ್ಟಿನ ಮೊಹರುಗಳನ್ನು ಎಣಿಸಿ.

4. ಪತ್ರವನ್ನು ನೌಕರನೂ ಓದಲಿ
ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ. ಬ್ಲ್ಯಾಂಕೆಟ್‌ನಲ್ಲಿ ಹೋಗಬಹುದಾದವರು ಮ್ಯಾನೇಜರುಗಳು, ಕಾರ್ಯನಿರ್ವಾಹಕರು ಮತ್ತು ‘ವಿಶೇಷ ಜ್ಞಾನ’ವುಳ್ಳ ವೃತ್ತಿಪರರು. ಇದನ್ನು ವಿವರಿಸಿ ಸಂದರ್ಶನಕ್ಕೆ ಕಂಪನಿ ಕೊಡುವ ಪತ್ರವನ್ನು ಬರೆಯುವವರು ಬಹುತೇಕ ವಕೀಲರು. ಒಬ್ಬರಿಗೆ ಬರೆದದ್ದನ್ನೇ ಹೆಸರು ಬದಲಿಸಿ ಇಪ್ಪತ್ತು ಮಂದಿಗೆ ಕೊಡುವುದುಂಟು. ‘ಕಂಪನಿಯ ಸ್ವಂತ ತಂತ್ರಾಂಶದಲ್ಲಿ ಅಪರೂಪದ ಪರಿಣತಿ’ ಎಂದು ಅದರಲ್ಲಿರುತ್ತದೆ. ಕೌಂಟರಿನಲ್ಲಿ ಅಧಿಕಾರಿ “ನಿಮ್ಮ ಕೆಲಸವೇನು?” ಎಂದರೆ ನೌಕರ “ಜಾವಾದಲ್ಲಿ ಕೋಡಿಂಗ್” ಎನ್ನುತ್ತಾನೆ. ಜಾವಾ ಬಲ್ಲವರು ಅಮೆರಿಕದಲ್ಲೇ ಬೇಕಾದಷ್ಟು ಸಿಗುತ್ತಾರೆ.

ಅರ್ಹತೆ ಸ್ಪಷ್ಟವಾಗಿ ಕಂಡರೆ ಮಾತ್ರ ಅಧಿಕಾರಿ ಒಪ್ಪಬೇಕೆಂಬುದು ನಿಯಮ. ಅನುಮಾನ ಬಂದರೆ ನಿರಾಕರಣೆಯೇ. ಆಮೇಲೆ ಆ ನೌಕರನಿಗಾಗಿ ಕಂಪನಿ ವಲಸೆ ಇಲಾಖೆಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಮುಂದೆ ತುಂಬುವ ಪ್ರತಿ ಡಿಎಸ್-160 ಅರ್ಜಿಯಲ್ಲೂ ‘ವೀಸಾ ನಿರಾಕರಣೆ ಆಗಿದೆಯೇ?’ ಎಂಬ ಪ್ರಶ್ನೆಗೆ ‘ಹೌದು’ ಎನ್ನಬೇಕಾದವನು ನೌಕರ. ವಕೀಲರಲ್ಲ, ಎಚ್‌ಆರ್ ಅಲ್ಲ.

ಹಾಗಾಗಿ ಪತ್ರದಲ್ಲಿ ಮೂರು ಸಂಗತಿ ಬಿಡಿಸಿ ಬರೆಯಿಸಿ: ಆ ಜ್ಞಾನ ಯಾವುದು, ಕಲಿಯಲು ಎಷ್ಟು ತಿಂಗಳು ಬೇಕಾಯಿತು, ತಂಡದ ಉಳಿದವರಿಗೆ ಅದೇಕೆ ಇಲ್ಲ. ಬರೆಯುವ ಮುನ್ನ ನೌಕರನನ್ನೂ ಅವನ ಟೀಮ್ ಲೀಡನ್ನೂ ಕೇಳಿ. ಉತ್ತರಗಳನ್ನು ಬಾಯಿಪಾಠ ಮಾಡಿಸುವ ‘ತರಬೇತಿ’ ಬೇಡವೇ ಬೇಡ, ಮಾಡುವ ಕೆಲಸವನ್ನು ಸರಳವಾಗಿ ಹೇಳಲು ಬಂದರೆ ಸಾಕು. ಹೇಳಲು ವಿಶೇಷವೇನೂ ಇಲ್ಲದವರನ್ನು ಕಳಿಸದಿರುವುದೇ ಲೇಸು.

5. ಕ್ಲೈಂಟ್ ಕಚೇರಿಯ ಪ್ರಶ್ನೆ
2004ರ ಎಲ್-1 ಸುಧಾರಣಾ ಕಾಯ್ದೆಯ ಪ್ರಕಾರ, ವಿಶೇಷ ಜ್ಞಾನದ ನೌಕರನನ್ನು ಕ್ಲೈಂಟ್ ಕಚೇರಿಯಲ್ಲಿ ಕೂರಿಸಿ ಅವರ ಹತೋಟಿಗೆ ಒಪ್ಪಿಸುವಂತಿಲ್ಲ. “ಎಲ್ ಆಗದಿದ್ದರೆ ಬಿ-1ರಲ್ಲಿ ಕಳಿಸಿಬಿಡಿ” ಎನ್ನುವ ಮ್ಯಾನೇಜರರ ಮಾತು ಕೇಳಬೇಡಿ. ಬಿ-1 ವೀಸಾ ಇರುವುದು ಸಭೆ, ಮಾತುಕತೆಗಳಿಗೆ. ಬಿ-1 ದುರ್ಬಳಕೆಯ ಆರೋಪಗಳನ್ನು ಇತ್ಯರ್ಥಪಡಿಸಲು ಇನ್ಫೋಸಿಸ್ 2013ರಲ್ಲಿ 3.4 ಕೋಟಿ ಡಾಲರ್ ತೆತ್ತಿತು. ಅದು ವಂಚನೆಯ ಆರೋಪವನ್ನು ಒಪ್ಪಿರಲಿಲ್ಲ, ಹಣವನ್ನಂತೂ ಕಟ್ಟಬೇಕಾಯಿತು.

6. ಉಳಿದದ್ದು
ವೀಸಾ ಶುಲ್ಕದ ಜೊತೆಗೆ 500 ಡಾಲರ್ ವಂಚನೆ ತಡೆ ಶುಲ್ಕವಿದೆ. ಅಧಿಕಾರಿ ಮೊಹರು ಹಾಕಿದ ಐ-129ಎಸ್ ಅರ್ಜಿ ನಮೂನೆ ಕೈಚೀಲದಲ್ಲಿರಲಿ. ಇಳಿದ ಕೂಡಲೇ ಐ-94 ಪ್ರವೇಶ ದಾಖಲೆಯ ದಿನಾಂಕ ನೋಡಿ, ಅಲ್ಲಿರಲು ಲೆಕ್ಕಕ್ಕೆ ಬರುವುದು ಅದೇ ಹೊರತು ವೀಸಾದಲ್ಲಿರುವ ದಿನಾಂಕವಲ್ಲ. ಕಂಪನಿಯ ಮೊದಲ ಬ್ಲ್ಯಾಂಕೆಟ್ ಅನುಮತಿಗೆ ಮೂರು ವರ್ಷವಷ್ಟೇ ಆಯಸ್ಸು. ಮುಗಿಯುವ ಮುನ್ನ ವಿಸ್ತರಣೆ ಕೇಳದಿದ್ದರೆ ಹೊಸದಕ್ಕೆ ಮತ್ತೆ ಮೂರು ವರ್ಷ ಕಾಯಬೇಕು. ಆ ದಿನಾಂಕವನ್ನು ಇಂದೇ ಗುರುತು ಹಾಕಿಕೊಳ್ಳಿ.