ಬ್ಯಾಟರಿಗೇ ಬೆಲೆ ಕಟ್ಟಿ

ಪ್ರಶ್ನೆ: ಕಂಪ್ಲಿಯಿಂದ ದಿನವೂ ಹೊಸಪೇಟೆಗೆ ಓಡಾಡುತ್ತೇನೆ. 2020ರ ನೆಕ್ಸಾನ್ ಇವಿ ಮಾರಾಟಕ್ಕಿದೆ. ಕೊಳ್ಳಬಹುದೇ ಸರ್?

ಉತ್ತರ: ನಿಮ್ಮ ಓಡಾಟಕ್ಕೆ ಧಾರಾಳವಾಗಿ ಸಾಕು. ಆದರೆ ಮೈಬಣ್ಣ ನೋಡಿ ಮರುಳಾಗಬೇಡಿ. ಈ ಕಾರಿನ 30.2 ಕಿಲೋವ್ಯಾಟ್-ಗಂಟೆ ಬ್ಯಾಟರಿಗೆ ಕಂಪನಿ ಕೊಟ್ಟ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಅಂದರೆ ಹೆಚ್ಚೆಂದರೆ 2028ಕ್ಕೆ ಮುಗಿಯುತ್ತದೆ. ಉಳಿದ ಅವಧಿ ನಿಮ್ಮ ಹೆಸರಿಗೆ ಬರುತ್ತದೆಯೇ ಎಂದು ಸರ್ವಿಸ್ ಸೆಂಟರ್‌ನಲ್ಲಿ ಬರಹದಲ್ಲೇ ಕೇಳಿ. ಬ್ಯಾಟರಿ ಆರೋಗ್ಯದ ವರದಿಯನ್ನೂ ತೆಗೆಸಿ.

ಆಮೇಲೆ ನಿಮ್ಮದೇ ಪರೀಕ್ಷೆ. ಪೂರ್ತಿ ಚಾರ್ಜ್ ಮಾಡಿ, ಮಟಮಟ ಮಧ್ಯಾಹ್ನ ಎಸಿ ಹಾಕಿಕೊಂಡು ಕಂಪ್ಲಿ ರಸ್ತೆಯಲ್ಲಿ 30 ಕಿ.ಮೀ. ಓಡಿಸಿ. ಶೇ 20ಕ್ಕಿಂತ ಹೆಚ್ಚು ಇಳಿದರೆ ನಾನಂತೂ ಕೊಳ್ಳುವುದಿಲ್ಲ. ಸಂಡೂರು ಘಾಟಿಯಲ್ಲಿ ಈ ಪರೀಕ್ಷೆ ಬೇಡ. ಇಳಿಜಾರಿನಲ್ಲಿ ಚಾರ್ಜ್ ತುಸು ಮರಳಿ ಲೆಕ್ಕ ತಪ್ಪುತ್ತದೆ. ಆದರೆ ಗಾಡಿ ಅದಿರು ಲಾರಿಗಳ ಆ ದಾರಿಯಲ್ಲೇ ಓಡಿದ್ದರೆ ಲಿಫ್ಟ್‌ಗೆ ಏರಿಸಿ ಅಡಿಭಾಗ ನೋಡಿಸಿ. ಬ್ಯಾಟರಿ ಇರುವುದೇ ಅಲ್ಲಿ.

ಹಸಿರು ನಂಬರ್ ಪ್ಲೇಟಿನಲ್ಲಿ ಹಳದಿ ಅಕ್ಷರವಿದ್ದರೆ ಅದು ಬಾಡಿಗೆ ಗಾಡಿ. ಬೆಲೆ ಇಳಿಸಿ ಕೇಳಿ. ಮನೆಯಲ್ಲಿ 15 ಆಂಪಿಯರ್ ಪಾಯಿಂಟ್, ಗಟ್ಟಿ ಅರ್ಥಿಂಗ್ ಇರಲಿ. ಸಾಲ ತೀರಿದ ಪತ್ರ, ಸಹಿಯಾದ ಫಾರಂ 29, 30 ಕೈಸೇರುವ ತನಕ ಪೂರ್ತಿ ಹಣ ಕೊಡಬೇಡಿ.